ಕಣ್ಣು ಮುಚ್ಚಿ ನಡೆಯುವ ಚಾಳಿ

ಹಲವಾಗಲು ಗ್ರಾಮದ ಅಂಗನವಾಡಿ ತಪಾಸಣೆಗೆ ಹೋದಾಗ ಒಬ್ಬ ತಾಯಿ ನನ್ನನ್ನು ಬಿಡದೆ ಮನೆಗೆ ಕರೆದೊಯ್ದಳು. ಅವಳ ನಾಲ್ಕು ವರ್ಷದ ಮಗಳಿಗೆ ಮನೆಯೊಳಗೆ ಕಣ್ಣು ಮುಚ್ಚಿಕೊಂಡು ಓಡಾಡುವ ಚಾಳಿ ಹತ್ತಿತ್ತು.

"ನಮ್ಮತ್ತೆಗೆ ಹೋದ ವರ್ಷ ಕಣ್ಣು ಹೋದ್ವು ಮೇಡಂ. ಇಕಿ ಅವರನ್ನ ಅಣಕಿಸ್ತಾಳ. ಅಣಕಿಸಿದ್ರ ನಮಗೂ ಹಂಗಾ ಆಗ್ತೈತಂತ. ಹೊಡದಿದ್ದೂ ಆತು. ನೀವರ ಒಂಚೂರು ಗದರಿಸ್ರಿ."

ಅಣಕಿಸಿದರೆ ಕಣ್ಣು ಹೋಗುವುದಿಲ್ಲ ಎಂದು ಹೇಳಿದೆ. ಆದರೆ ಗೋಡೆಗೊರಗಿ ಕುಳಿತ ಅಜ್ಜಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರ ಮುಖ ನೋಡಿ, ಒಂದು ಮಾತು ಗದರಿಸಿಯೇ ಹೋಗೋಣ ಅಂದುಕೊಂಡೆ.

ಅಷ್ಟರಲ್ಲಿ ಅಜ್ಜಿ, "ಬಚ್ಚಲಿಗೆ ಹೋಗ್ಬೇಕವ್ವಾ," ಅಂದರು. ಹುಡುಗಿ ಎದ್ದವಳೇ ಕಣ್ಣು ಮುಚ್ಚಿ, ಕೈ ಚಾಚಿ, ನಿಧಾನವಾಗಿ ಹೊರಟಳು. ನಡುಮನೆಯಲ್ಲಿ ಏನೋ ಕಾಲಿಗೆ ತಾಗಿತು. ಕಣ್ಣು ಬಿಟ್ಟು ಅದನ್ನು ಎರಡೂ ಕೈಯಿಂದ ಗೋಡೆಬದಿಗೆ ಎಳೆದಿಟ್ಟಳು. ಅದು ನನ್ನ ಬ್ಯಾಗು. ಮತ್ತೆ ಕಣ್ಣು ಮುಚ್ಚಿ ಬಚ್ಚಲಿನವರೆಗೂ ಹೋಗಿ ಅಲ್ಲಿಂದ ಕೂಗಿದಳು: "ಈಗ ಬಾ ಅಜ್ಜಿ, ಏನೂ ಇಲ್ಲ."

"ಕಣ್ಣು ಬಿಟ್ಕಂಡು ನೋಡಿದ್ರ ಆಗಲ್ಲೇನವ್ವಾ?" ಎಂದು ಕೇಳಿದೆ.

"ಕಣ್ಣು ಬಿಟ್ರ ನಾ ದಾಟಿ ಬಂದ್‌ಬಿಡ್ತೀನಿ. ಅಜ್ಜಿ ಎಲ್ಲಿ ಎಡವ್ತಾಳ ಅಂತ ಗೊತ್ತಾಗಲ್ಲ," ಅಂದಳು.

ಮಕ್ಕಳ ಮನಸ್ಸಿನ ಬಗ್ಗೆ ಪರೀಕ್ಷೆ ಬರೆದು ಪಾಸಾದವಳು ನಾನು. ಗೋಡೆಬದಿಯ ಬ್ಯಾಗನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ.

"ಹೊಡದ್ನಲ್ರಿ ನಾನು," ಎಂದಳು ತಾಯಿ ಮೆಲ್ಲಗೆ.

ಗದರಿಸುವುದೇನೋ ಬಾಕಿ ಉಳಿದಿತ್ತು. ನ್ಯಾಯವಾಗಿ ನಡುಮನೆಯಲ್ಲಿ ಬ್ಯಾಗು ಇಟ್ಟವಳನ್ನು ಗದರಿಸಬೇಕಿತ್ತು. ಮರ್ಯಾದಸ್ಥ ಜನ, ಚಹಾ ಕೊಟ್ಟು ಕಳಿಸಿದರು.