ಸುಮತಿಯ ಕುತ್ತಿಗೆಯ ಕುರು

ಸುಮತಿ, ನೀನು ಕುಂಟುವಂತಾದದ್ದು ನಿಮ್ಮವ್ವ ಎಣ್ಣೆ ತಿಕ್ಕಿದ್ದರಿಂದ ಅಲ್ಲ. ನನ್ನಿಂದ. ಹದಿಮೂರು ವರ್ಷ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡಿದ್ದೇನೆ — ಪ್ರತಿ ಪಂಚಮಿಗೂ ನಿಮ್ಮೂರು ಸಮಡೋಳಿಗೆ ಬಂದು ನಿಮ್ಮವ್ವನ, ನನ್ನ ಅಕ್ಕನ, ಕೈಯ ಉಂಡಿ ತಿಂದಿದ್ದೇನೆ, ನಿನ್ನ ಕೈಯಿಂದ ನೀರು ಇಸಿದುಕೊಂಡು ಕುಡಿದಿದ್ದೇನೆ. ಗಂಟಲಲ್ಲಿ ಇಳಿಯುತ್ತಿತ್ತು. ಅದೇ ಈಗ ನನಗೆ ಆಶ್ಚರ್ಯ.

ಆಗ ನಾನು ಮಿರಜದಲ್ಲಿ ಒಬ್ಬ ಡಾಕ್ಟರರ ಹತ್ತಿರ ಕಂಪೌಂಡರ ಆಗಿದ್ದೆ. ಔಷಧ ಕಲಸುವುದು, ಸೀಸೆಗೆ ಚೀಟಿ ಅಂಟಿಸುವುದು, ಪಟ್ಟಿ ಕಟ್ಟುವುದು ನನ್ನ ಕೆಲಸ. ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ನಮ್ಮ ಕಡೆಯ ಹಳ್ಳಿಯವರು ಬಂದರೆ ಅವರ ಮಾತನ್ನು ಮರಾಠಿಯಲ್ಲಿ ಹೇಳುವವನು ನಾನೇ, ಸಾಹೇಬರ ಮಾತನ್ನು ಕನ್ನಡಕ್ಕೆ ತರುವವನೂ ನಾನೇ. ಜನ ನನ್ನನ್ನು ಅರ್ಧ ಡಾಕ್ಟರ ಎನ್ನುತ್ತಿದ್ದರು. ಅದರಲ್ಲಿದ್ದ ಚೇಷ್ಟೆ ನನಗೆ ತಿಳಿಯಲಿಲ್ಲ, ಹಿಗ್ಗಿ ಹೋದೆ. ಸಾಹೇಬರದು ಮಾತ್ರ ಒಂದೇ ಕಟ್ಟಪ್ಪಣೆ — ಸೂಜಿಗೆ, ಚೂರಿಗೆ ನೀನು ಕೈ ಹಚ್ಚಕೂಡದು. ಹಚ್ಚಿದ ದಿನ ಮನೆಗೆ ನಡೆ. ನನಗಿಂತ ಮೊದಲು ಇದ್ದವನನ್ನು ಹಾಗೆಯೇ ಕಳಿಸಿದ್ದರು.

ಆ ವರ್ಷ ಶೇಂಗಾ ಕೀಳುವ ದಿನಗಳಲ್ಲಿ ಸಮಡೋಳಿಗೆ ಬಂದಿದ್ದೆ. ನಿನಗೆ ಒಂಬತ್ತು ವರ್ಷ. ಕುತ್ತಿಗೆಯ ಹಿಂದೆ, ಹೆರಳಿನ ಕೆಳಗೆ, ಒಂದು ಕುರು ಎದ್ದಿತ್ತು. ಇನ್ನೂ ಹಣ್ಣಾಗಿರಲಿಲ್ಲ — ಕೆಂಪಗೆ, ಗಟ್ಟಿಯಾಗಿತ್ತು. ಅಕ್ಕ ಉಳ್ಳಾಗಡ್ಡಿ ಸುಟ್ಟು ಕಟ್ಟಲು ಕುಳಿತಿದ್ದಳು. "ಹಣ್ಣಾಗಲಿ ತಮ್ಮಾ, ತಾನ ಒಡೀತೈತಿ" ಎಂದಳು. ನಾನು ನಕ್ಕೆ. ಅರ್ಧ ಡಾಕ್ಟರನ ಮುಂದೆ ಉಳ್ಳಾಗಡ್ಡಿಯೇ! ಚೀಲದಲ್ಲಿ ದವಾಖಾನೆಯ ಹಳೆಯ ಸೂಜಿಯೊಂದಿತ್ತು — ಕೇಳದೆ ತಂದದ್ದು. ಧೋತರದ ಚುಂಗಿಗೆ ಒರಸಿ ಚುಚ್ಚಿದೆ. ಕೀವು ಬರಲಿಲ್ಲ. ಬರಲಿಲ್ಲವೆಂದು ಬಿಡಬೇಕಿತ್ತು... ಎರಡೂ ಹೆಬ್ಬೆರಳು ಇಟ್ಟು ಹಿಂಡಿದೆ. ನೀನು ಚೀರಿದ್ದು ಓಣಿಯವರಿಗೆಲ್ಲ ಕೇಳಿಸಿತು. ಆ ಚೀರಾಟ ನಿನಗೂ ನೆನಪಿರಬಹುದು. ಆದರೆ ಅದಕ್ಕೂ ನಿನ್ನ ಕಾಲಿಗೂ ಸಂಬಂಧ ಉಂಟೆಂದು ನಿನಗೆ ಯಾರೂ ಹೇಳಿಲ್ಲ.

ಐದನೆಯ ದಿನ ಮಿರಜದಲ್ಲಿ ನಮ್ಮ ದವಾಖಾನೆಯ ಮುಂದೆ ನಿಮ್ಮ ಬಂಡಿ ನಿಂತಿತು. ನಿಮ್ಮಪ್ಪ ತೀರಿಕೊಂಡು ಆಗಲೇ ಎರಡು ವರ್ಷ. ಆಳು ಬಂಡಿ ಹೊಡೆದುಕೊಂಡು ಬಂದಿದ್ದ, ಒಳಗೆ ಅಕ್ಕ, ಅವಳ ತೊಡೆಯ ಮೇಲೆ ನೀನು. ಮೈ ಕೆಂಡದಂತೆ ಸುಡುತ್ತಿತ್ತು. ಬಲ ಮೊಳಕಾಲಿನ ಕೆಳಗೆ ಹೊದಿಕೆ ತಾಗಿದರೂ ನೀನು ಒದರುತ್ತಿದ್ದೆ. ಎತ್ತಿಕೊಂಡು ಒಳಗೆ ತಂದವನು ನಾನೇ. ಹೆರಳು ಸರಿದಾಗ ಸೂಜಿಯ ಗಾಯ ಕಂಡಿತು — ಸುತ್ತಲೂ ಕಪ್ಪಗೆ ಆಗಿತ್ತು. ನಿನ್ನನ್ನು ಮೇಜಿನ ಮೇಲೆ ಮಲಗಿಸುವಾಗ ಹೆರಳನ್ನು ಸರಿಯಾಗಿ ಅದರ ಮೇಲೆಯೇ ಎಳೆದೆ.

ಸಾಹೇಬರು ಕಾಲು ನೋಡಿದರು, ನಾಡಿ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದರು — ಈ ಹದಿನೈದು ದಿನಗಳಲ್ಲಿ ಹುಡುಗಿಗೆ ಮೈಮೇಲೆ ಎಲ್ಲಿಯಾದರೂ ಕುರುವೋ ಹುಣ್ಣೋ ಆಗಿತ್ತೇ? ನಾನು ಅದನ್ನು ಸರಿಯಾಗಿಯೇ ಕನ್ನಡದಲ್ಲಿ ಕೇಳಿದೆ. ಯಾಕೆ ಸರಿಯಾಗಿ ಕೇಳಿದೆನೋ, ಇಂದಿಗೂ ತಿಳಿಯದು. ಅಕ್ಕ ಸೆರಗು ಸರಿಮಾಡಿಕೊಂಡು ಸಾಹೇಬರ ಮುಖವನ್ನೇ ನೋಡುತ್ತ ಹೇಳಿದಳು:

"ಕುತ್ತಿಗಿ ಹಿಂದ ಕುರಾ ಆಗಿತ್ರಿ. ನಮ್ಮ ತಮ್ಮ ಸೂಜಿಲೆ ಚುಚ್ಚಿ ಹಿಂಡ್ಯಾನ್ರಿ. ಅದರಿಂದನ ಜ್ವರಾ ಬಂದಾವೇನ್ರಿ ಸಾಹೇಬ್ರ?"

ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಒಂದು ಮಾತೂ ಬಿಡದೆ. ಸಾಹೇಬರು ಈಗ ನನ್ನ ಕಡೆ ನೋಡಿದರು.

ಅಕ್ಕನಿಗೆ ಬರುತ್ತಿದ್ದುದು ಸಂತೆಯ ನಾಲ್ಕು ಮಾತಿನ ಮರಾಠಿ. ಆದರೆ 'ನಾಹೀ' ಎಂದರೆ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅದಕ್ಕೇ ಆ ಮಾತು ಬಾರದಂತೆ ನೋಡಿಕೊಂಡೆ — ಆ ಒಂದು ಉಸಿರಿನ ಹೊತ್ತಿನಲ್ಲಿ ಅಷ್ಟು ಯೋಚಿಸಿದೆ ನಾನು! ಹೊಲದಲ್ಲಿ ಬದುವಿನ ಮೇಲಿಂದ ಬಿದ್ದಳಂತೆ ಸಾಹೇಬರೆ, ಅಂದಿನಿಂದ ನೋವಂತೆ, ಮೈಯೆಲ್ಲ ಸ್ವಚ್ಛವಿದೆ ಎನ್ನುತ್ತಾರೆ — ಎಂದು ಮರಾಠಿಯಲ್ಲಿ ಸರಾಗವಾಗಿ ಹೇಳಿದೆ. ಅಕ್ಕ ಪಕ್ಕದಲ್ಲಿ ಹೌದು ಹೌದೆಂದು ತಲೆ ಆಡಿಸುತ್ತಿದ್ದಳು. ತಾನು ಹೇಳಿದ್ದನ್ನೇ ತಮ್ಮ ಹೇಳುತ್ತಿದ್ದಾನೆಂಬ ನಂಬಿಕೆ. ಸುಮತಿ, ನನ್ನ ಬದುಕಿನಲ್ಲಿ ಅದಕ್ಕಿಂತ ನೀಚವಾದ ಗಳಿಗೆ ಒಂದೇ ಒಂದಿದೆ. ಅದು ನಾಲ್ಕು ದಿನದ ಮೇಲೆ ಬಂತು.

ಪೆಟ್ಟು ಬಿದ್ದಿರಬೇಕು, ಜ್ವರ ಬೇರೆಯದಿರಬೇಕು ಎಂದು ಸಾಹೇಬರು ಕಾಲಿಗೆ ಹಲಗೆ ಕಟ್ಟಿಸಿ ಜ್ವರದ ಔಷಧ ಕೊಟ್ಟರು. ಮನೆತನದ ನೇಮದಂತೆ ಹೊತ್ತು ಮುಳುಗುವ ಮುಂಚೆ ಊಟವಾಗಬೇಕೆಂದು ಅಕ್ಕ ಅವಸರದಿಂದ ಬಂಡಿ ಹತ್ತಿದಳು. ತಡೆಯಬಹುದಿತ್ತು. ಬಂಡಿ ಕೃಷ್ಣೆಯ ದಾರಿ ಹಿಡಿಯುವವರೆಗೆ ಬಾಗಿಲಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಕೆಲಸ ಹೋದರೆ ಏನು ಗತಿ ಎಂಬ ಒಂದೇ ಚಿಂತೆ. ಕಾಲು ಹೋದರೆ — ಎಂಬುದು ತಲೆಗೆ ಬಂದಿತ್ತು, ಬರಲಿಲ್ಲವೆಂದು ಹೇಳಲಾರೆ. ಬಂದದ್ದನ್ನು ಆಚೆ ನೂಕಿದೆ.

ನಿನ್ನನ್ನು ಮತ್ತೆ ತಂದಾಗ ನಿನಗೆ ಎಚ್ಚರವಿರಲಿಲ್ಲ. ಕಾಲು ಮಿರಿಮಿರಿ ಮಿಂಚುವಷ್ಟು ಬಾತಿತ್ತು. ನೋವು ತಾಳದೆ ನೀನು ಅಳುವುದನ್ನು ನೋಡಲಾಗದೆ ಅಕ್ಕ ಹಲಗೆ ಬಿಚ್ಚಿ ಔಡಲೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದ್ದಳು. ಸಾಹೇಬರು ಈ ಸಲ ಯಾರನ್ನೂ ಕೇಳಲಿಲ್ಲ. ತಾವೇ ನಿನ್ನ ಮೈ ತಿರುಗಿಸಿ ಹೆರಳು ಎತ್ತಿ ನೋಡಿದರು. ಇಲ್ಲಿಯ ನಂಜು ರಕ್ತದಲ್ಲಿ ಹರಿದು ಹೋಗಿ ಎಲುಬಿನಲ್ಲಿ ಕುಳಿತಿದೆ, ಒಳಗೆಲ್ಲ ಕೀವಾಗಿದೆ, ಅಂದೇ ತಿಳಿದಿದ್ದರೆ ಅಂದೇ ಎಲುಬು ಕೊರೆಸಿ ಹೊರಗೆ ಹರಿಸುತ್ತಿದ್ದೆ — ಎಂದರು. ಆಮೇಲೆ ನನ್ನನ್ನು ದಿಟ್ಟಿಸಿ, ನಾನು ಕೇಳಿದ್ದೆನಲ್ಲ, ಎಂದರು.

"ಅವರು ಹೇಳಲಿಲ್ಲ, ಸಾಹೇಬರೆ. ಮುಚ್ಚಿಟ್ಟರು." ಇದು ನನ್ನ ಉತ್ತರ.

ಸಾಹೇಬರು ಅಕ್ಕನ ಮೇಲೆ ಹರಿಹಾಯ್ದರು. ಎಂಥ ತಾಯಿ ನೀನು, ಎಂದೆಲ್ಲ. ಅವಳಿಗೆ ಮಾತು ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ನನ್ನ ತೋಳು ಹಿಡಿದುಕೊಂಡಳು. "ಏನಂತಾರ ತಮ್ಮಾ? ಯಾಕ ಬೈಯಾಕತ್ತಾರ?"

ಆಗಲಾದರೂ — ಆಗಲಾದರೂ...

"ನೀ ಕಾಲ ತಿಕ್ಕಿದಿ ಅಂತ ಸಿಟ್ಟಾಗ್ಯಾರ, ಅಕ್ಕಾ. ಅದಕ್ಕ ಹಿಂಗಾತಂತ."

ಅವಳು ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು, ಅಷ್ಟೇ. ಆಮೇಲೆ ಅವನ್ನು ಸೆರಗಿನೊಳಗೆ ಇಟ್ಟುಕೊಂಡಳು.

ದೊಡ್ಡ ದವಾಖಾನೆಯಲ್ಲಿ ಅದೇ ದಿನ ನಿನ್ನ ಕಾಲು ಕೊಯ್ದು ಕೀವು ತೆಗೆದರು. ಜೀವ ಉಳಿಯಿತು. ಸತ್ತ ಎಲುಬಿನ ಚೂರು ಮುಂದೆ ಎರಡು ವರ್ಷ ಗಾಯದಿಂದ ಹೊರಬರುತ್ತಿದ್ದವು. ಕಾಲು ಗಿಡ್ಡಾಗಿ ನಿಂತಿತು. ನಾಲ್ಕು ದಿನ ಮೊದಲೇ ಕೊರೆದಿದ್ದರೆ ಪೂರ್ತಿ ಉಳಿಯುತ್ತಿತ್ತೇ? ಯಾರೂ ಆಣೆ ಮಾಡಿ ಹೇಳಲಾರರು. ಆ ಅನುಮಾನದ ಮರೆಯಲ್ಲಿ ಎಷ್ಟೋ ವರ್ಷ ಅಡಗಿ ಕುಳಿತಿದ್ದೆ. ಇನ್ನು ಸಾಕು.

ನನ್ನ ಕೆಲಸ ಉಳಿಯಿತು, ಪಗಾರವೂ ಏರಿತು. ಊರಲ್ಲಿ ಮಾತ್ರ ತಾಯಿಯೇ ತಿಕ್ಕಿ ಮಗಳ ಕಾಲು ಕೆಡಿಸಿದಳೆಂದು ಮಾತಾಯಿತು. ನೀನೂ ಅದನ್ನೇ ಕೇಳುತ್ತ ಬೆಳೆದೆ. ಹೋದ ತಿಂಗಳು ನಿಮ್ಮಣ್ಣನ ಕೂಸಿಗೆ ನೀರು ಎರೆಯುವ ಹೊತ್ತಿಗೆ ನಾನು ಪಡಸಾಲೆಯಲ್ಲಿದ್ದೆ. ಎಣ್ಣೆ ಹಚ್ಚಿ ಕೊಡಿರೆಂದು ಸೊಸೆ ಕೂಸನ್ನು ಮುಂದೆ ಹಿಡಿದಳು. ಅಕ್ಕ ಹಿಂದಕ್ಕೆ ಸರಿದಳು. "ನನ್ನ ಕೈಗುಣ ಛಲೋ ಇಲ್ಲವ್ವಾ, ನೀನ ಹಚ್ಚು" ಎಂದಳು. ನೀನು ಬಾಗಿಲಲ್ಲಿ ನಿಂತು ಅತ್ತಿಗೆಗೆ, "ಬ್ಯಾಡ ಬಿಡು ವೈನಿ, ಒಂದ ಕಾಲ ಸಾಕು" ಎಂದೆ. ನಗುತ್ತಲೇ ಎಂದೆ. ಅಕ್ಕನೂ ನಕ್ಕಳು. ಆ ನಗು ನೋಡಲು ನನ್ನಿಂದ ಆಗಲಿಲ್ಲ, ಸುಮತಿ. ಹೇಳಿ ಹೋಗದೆ ಎದ್ದು ಬಂದುಬಿಟ್ಟೆ.

ನಿನ್ನಿಂದ ಕ್ಷಮೆ ಬೇಡುತ್ತಿಲ್ಲ. ಕೊಟ್ಟರೂ ಎಲ್ಲಿ ಇಟ್ಟುಕೊಳ್ಳಲಿ? ಅಕ್ಕನಿಗೆ ಓದು ಬಾರದು. ಈ ಕಾಗದ ಮುಟ್ಟಿದ ದಿನವೇ ಅವಳನ್ನು ಕೂಡಿಸಿಕೊಂಡು ಓದಿ ಹೇಳು — ಬಿಡಬೇಡ, ಮೆತ್ತಗೆ ಮಾಡಬೇಡ. ರವಿವಾರ ನಾನು ಬರುತ್ತೇನೆ. ನೀವು ಕದ ತೆರೆಯದಿದ್ದರೂ ಸರಿ, ಅಂಗಳದಲ್ಲಿ ನಿಂತು ಕನ್ನಡದಲ್ಲಿಯೂ ಹೇಳುತ್ತೇನೆ, ಮರಾಠಿಯಲ್ಲಿಯೂ ಹೇಳುತ್ತೇನೆ, ಓಣಿಯವರಿಗೆಲ್ಲ ಕೇಳಲಿ. ಅಷ್ಟರೊಳಗೆ ನೀನು ಒಂದು ಕೆಲಸ ಮಾಡು. ಆ ಕೂಸನ್ನು ನಿಮ್ಮವ್ವನ ತೊಡೆಯ ಮೇಲೆ ಹಾಕು.