ಪೂಜಿತಾಳ ಪಾಠಕ್ಕೊಂದು ಮುಳ್ಳು

ಪ್ರೇಮ್‌ಕುಮಾರ್ ಹೋಗಿ ಮೂರು ತಿಂಗಳಾಯಿತು. ಹಲಸೂರಿನ ಗೌತಮಪುರದ ಕೆಲವು ಬೀದಿಗಳಿಗೆ ನೀರು ಬಿಡುತ್ತಿದ್ದವನು ಅವನು. ಹಳಬರ ಮಾತಿನಲ್ಲಿ ನೀರುಗಂಟಿ, ಈಗಿನವರ ಬಾಯಲ್ಲಿ ವಾಲ್ವ್‌ಮ್ಯಾನ್. ಕಬ್ಬಿಣದ ಉದ್ದನೆಯ ಕೀಲಿಯನ್ನು ಸ್ಕೂಟರಿಗೆ ಕಟ್ಟಿಕೊಂಡು ಬಂದು, ರಸ್ತೆ ನಡುವಿನ ಮುಚ್ಚಳ ಎತ್ತಿ, ಒಂದು ಬೀದಿಗೆ ತಿರುಗಿಸಿ ಇನ್ನೊಂದಕ್ಕೆ ನಿಲ್ಲಿಸುವುದು ಅವನ ಕೆಲಸ. ನೀರು ಬಂದ ಬೀದಿಯವರು ಅವನನ್ನು ನೆನೆಯುತ್ತಿರಲಿಲ್ಲ, ಬಾರದ ಬೀದಿಯವರು ಮರೆಯುತ್ತಿರಲಿಲ್ಲ. ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚು. ಆಮೇಲೆ ನಾನು ಪುಸ್ತಕಗಳ ಕಡೆ ಹೋದೆ, ಅವನು ಪೈಪುಗಳ ಕಡೆ. ಸಂಜೆಯ ಟೀ ಮಾತ್ರ ಕೊನೆಯವರೆಗೂ ಒಂದೇ ಅಂಗಡಿಯಲ್ಲಿ ಕುಡಿದೆವು.

ಅವನು ಒಂದು ಸಣ್ಣ ಯಂತ್ರ ಮಾಡಿದ್ದ. ಅವನನ್ನು ನೆನೆದಾಗ ನನಗೆ ಮೊದಲು ಹೊಳೆಯುವುದು ಅದೇ.

ಅವನ ಹೆಂಡತಿ ಪೂಜಿತಾಗೆ ಹುಟ್ಟಿನಿಂದ ಕಿವಿ ಕೇಳಿಸದು. ಮಾತೆಲ್ಲ ಸನ್ನೆ ಭಾಷೆಯಲ್ಲಿ. ಪ್ರೇಮ್ ಆ ಭಾಷೆಯನ್ನು ಮದುವೆ ಆದಮೇಲೆ ಅವಳಿಂದಲೇ ಕಲಿತ. ಜಗಳವಾಡುವಷ್ಟು ಕಲಿಯಲು ವರ್ಷ ಹಿಡಿಯಿತು ಎನ್ನುತ್ತಿದ್ದ. ಅವಳು ಬಹಳ ಕಾಲ ರವಿಕೆ ಹೊಲಿದು ಸಂಪಾದಿಸಿದಳು. ಹೋದ ವರ್ಷದ ಹಿಂದಿನ ವರ್ಷ ಕಲ್ಯಾಣ ನಗರದ ಒಂದು ಸಂಸ್ಥೆ ಅವಳನ್ನು ಪಾಠಕ್ಕೆ ಕರೆಯಿತು. ಮಾಲೂರು, ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಕಿವಿ ಕೇಳಿಸದ ಮಕ್ಕಳಿದ್ದಾರೆ. ಅವರಿಗೂ ಅವರ ತಾಯಂದಿರಿಗೂ ವಿಡಿಯೊದಲ್ಲಿ ಸನ್ನೆ ಕಲಿಸಬೇಕು. ಮನೆಯಿಂದಲೇ ಕೆಲಸ. ಒಂದು ತಿಂಗಳು ನೋಡಿ, ಸರಿಹೋದರೆ ಕಾಯಂ. ಪೂಜಿತಾ ಆ ಕೆಲಸವನ್ನು ಎಷ್ಟು ಬಯಸಿದಳೆಂದರೆ, ಹೊಲಿಗೆ ಮೆಷಿನ್ನಿಗೆ ಅಂದೇ ಬಟ್ಟೆ ಹೊದಿಸಿದಳು.

ಅವರ ಮನೆ ರೈಲು ಡಬ್ಬಿಯ ಹಾಗೆ ಒಂದರ ಹಿಂದೊಂದು ಕೋಣೆ. ಮುಂದಿನ ಕೋಣೆಯಲ್ಲಿ ಟಿ.ವಿ., ಪ್ರೇಮನ ತಾಯಿ ಪಿಳ್ಳಮ್ಮನವರ ಮಂಚ, ಮತ್ತು ಇಂಟರ್‌ನೆಟ್ಟಿನ ಡಬ್ಬಿ. ನಡುವೆ ಅಡುಗೆ ಮನೆ. ಪಾಠ ಹಿಂದಿನ ಕೋಣೆಯಲ್ಲೇ ಆಗಬೇಕು. ಈ ಪಾಠಕ್ಕೆ ಸದ್ದಿನ ತೊಂದರೆ ಇಲ್ಲ, ಪಕ್ಕದಲ್ಲಿ ಮಿಕ್ಸಿ ಓಡಿದರೂ ನಡೆಯುತ್ತದೆ. ಆದರೆ ಕೈಗಳ ಹಿಂದೆ ಯಾರೂ ಓಡಾಡಬಾರದು, ಗೋಡೆ ಖಾಲಿ ಇರಬೇಕು, ಬೆಳಕು ಬೇಕು. ಹಿಂದಿನ ಕೋಣೆಗೆ ಸೂರಿನಲ್ಲಿ ಬೆಳಕಿಂಡಿ ಇತ್ತು. ಪ್ರೇಮ್ ಆ ಗೋಡೆಯ ಮೇಲಿದ್ದ ಬುದ್ಧನ ಪಟವನ್ನೂ ಬಾಬಾಸಾಹೇಬರ ಪಟವನ್ನೂ ಮುಂದಿನ ಕೋಣೆಗೆ ತಂದು ಹಾಕಿ, ಗೋಡೆಗೆ ತಿಳಿನೀಲಿ ಬಣ್ಣ ಹೊಡೆದ. ಎಲ್ಲ ಸರಿಯಾಯಿತು, ಸಿಗ್ನಲ್ ಒಂದನ್ನು ಬಿಟ್ಟು.

ನಮ್ಮ ನಿಮ್ಮ ಫೋನು ಕೆಟ್ಟರೆ ಹಲೋ ಹಲೋ ಎನ್ನುತ್ತೇವೆ. ಆಚೆಯವರೂ ಕೇಳಿಸ್ತಿಲ್ಲ ಎನ್ನುತ್ತಾರೆ. ಪೂಜಿತಾಗೆ ಆ ಹಲೋ ಇಲ್ಲ. ಆಚೆ ಕಡೆ ಅವಳ ಚಿತ್ರ ನಿಂತುಬಿಟ್ಟಿದ್ದರೂ ಪಾಠಕ್ಕೆಂದು ಮುಂದಿಟ್ಟುಕೊಂಡ ಟ್ಯಾಬಿನಲ್ಲಿ ತನ್ನ ಕೈ ಆಡುವುದು ತನಗೆ ಕಾಣುತ್ತಲೇ ಇರುತ್ತದೆ. ಮಕ್ಕಳು ಅಲ್ಲಾಡದೆ ಕೂತಿದ್ದರೆ ಗಮನವಿಟ್ಟು ನೋಡುತ್ತಿದ್ದಾರೆ ಎಂದುಕೊಂಡು ಅವಳು ಪಾಠ ಮುಂದುವರಿಸುತ್ತಿದ್ದಳು. ಅಷ್ಟು ಹೊತ್ತಿನ ಮಾತು ಯಾರಿಗೂ ಮುಟ್ಟಿರುತ್ತಿರಲಿಲ್ಲ. ಮೊದಲ ವಾರವೇ ತಾಯಂದಿರು ದೂರು ಹೇಳಿದರು. ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಸಂಸ್ಥೆಯ ಧನುಶ್ರೀ ಎಂಬಾಕೆ ಸಂದೇಶ ಕಳಿಸಿದರು. ಪಾಠಗಳ ಮೇಲ್ವಿಚಾರಣೆ ಅವರದು.

ಪ್ರೇಮ್ ತನಗೆ ತಿಳಿದ ರೀತಿಯಲ್ಲಿ ಹೊರಟ. ಇಂಟರ್‌ನೆಟ್ಟಿನ ಡಬ್ಬಿಯನ್ನು ಕಿತ್ತು ತಾರಸಿಗೆ ಒಯ್ದು, ನೀರಿನ ಟ್ಯಾಂಕಿನ ಪಕ್ಕ ಕೂರಿಸಿ, ಮಳೆ ಬೀಳದಂತೆ ಮೇಲೊಂದು ಬಕೆಟ್ಟು ಮಗುಚಿದ.

"ಅಲ್ಲಿಗ್ಯಾಕೋ?" ಎಂದು ಕೇಳಿದೆ.

"ಮೇಲಿಂದ ಬಿಟ್ರೆ ತಾನೇ ಮಗಾ ಪ್ರೆಷರ್ ಬರೋದು? ಕೆಳಗಿಟ್ಕೊಂಡು ಹಿಂದಿನ ರೂಮಿಗೆ ಹರಿ ಅಂದ್ರೆ ಎಲ್ಲಿ ಹರಿಯುತ್ತೆ?"

ತಾರಸಿಯಲ್ಲಿ ಬಟ್ಟೆ ಒಣಗಿಸುವ ಜಾಗದಲ್ಲಿ ಸಿಗ್ನಲ್ ಬಹಳ ಚೆನ್ನಾಗಿ ಬಂತು. ಕೆಳಗಿನ ಕೋಣೆಯಲ್ಲಿ ಮೊದಲಿದ್ದದ್ದೂ ಹೋಯಿತು. ಹಾಗಾದರೆ ಟ್ಯಾಂಕಿನ ಮೇಲೆ ಕೂತು ಪಾಠ ಮಾಡಲಾ ಎಂದು ಪೂಜಿತಾ ಕೈಯಲ್ಲಿ ಕೇಳಿದಳು. ಡಬ್ಬಿ ಅದೇ ಸಂಜೆ ಕೆಳಗಿಳಿಯಿತು.

ಆಗ ನಾವು ಶಿವಾಜಿನಗರಕ್ಕೆ, ಫೈಸಲ್ ಹತ್ತಿರ ಹೋದೆವು. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಸಿಗ್ನಲ್ ಎಷ್ಟಿದೆ ಎಂದು ತೋರಿಸುವ ಯಂತ್ರವೊಂದು ಬೇಕು ಎಂದು ಪ್ರೇಮ್ ಹೇಳಿದ.

"ಫೋನಲ್ಲೇ ಗೆರೆ ಬರುತ್ತಲ್ಲ ಅಣ್ಣ," ಎಂದ ಫೈಸಲ್.

"ಆ ಗೆರೆ ನಂಬಿ ಕೆಟ್ಟಿದ್ದೀನಿ ಭಾಯ್. ಚಿತ್ರ ಸತ್ತು ಬಿದ್ದಿದ್ರೂ ಎರಡು ಗೆರೆ ತೋರಿಸುತ್ತೆ. ಅವಳು ಎರಡು ಕೈಯಲ್ಲೂ ಮಾತಾಡ್ತಿರ್ತಾಳೆ, ಇನ್ನೊಂದು ಫೋನ್ ಹಿಡ್ಕೊಂಡು ಎಲ್ಲಿ ನೋಡ್ತಾಳೆ? ಪ್ರೆಷರ್ ಗೇಜ್ ಥರ ಒಂದು ಮುಳ್ಳು ಬೇಕು. ಕಣ್ಣಂಚಲ್ಲಿ ಕಾಣ್ಬೇಕು."

ಫೈಸಲ್ ತಲೆ ಕೆರೆದುಕೊಂಡ. ಆಮೇಲೆ ವೈಫೈ ಹಿಡಿಯುವ ಚಿಪ್ಪಿರುವ, ಹೆಬ್ಬೆರಳುದ್ದದ ಒಂದು ಬೋರ್ಡ್ ತೆಗೆದ. ಮುಳ್ಳಿಗಾಗಿ ಗುಜರಿ ಸಾಲಿನಲ್ಲಿ ಹುಡುಕಿದಾಗ ಒಂದು ಹಳೆಯ ಟೇಪ್ ರೆಕಾರ್ಡರ್ ಸಿಕ್ಕಿತು. ಹಾಡು ಜೋರಾದಾಗ ಅದರ ಮುಖದಲ್ಲಿ ಗಾಜಿನ ಹಿಂದೆ ಒಂದು ಮುಳ್ಳು ಕುಣಿಯುತ್ತಿತ್ತಲ್ಲ, ಅದು ಇನ್ನೂ ಜೀವಂತವಿತ್ತು. ಬೋರ್ಡಿಗೆ ಬೇಕಾದ ಪ್ರೋಗ್ರಾಮನ್ನು ಫೈಸಲ್ ಎಲ್ಲಿಂದಲೋ ಇಳಿಸಿಕೊಂಡು ತಿದ್ದುತ್ತ ಕೂತ.

"ಸಿಗ್ನಲ್ ಲೆಕ್ಕ ಮೈನಸ್ಸಲ್ಲಿ ಬರುತ್ತೆ ಅಣ್ಣ. ಮೈನಸ್ ನಲವತ್ತು ಅಂದ್ರೆ ಸೂಪರ್. ಮೈನಸ್ ಎಂಬತ್ತು ಅಂದ್ರೆ ಡಬ್ಬಾ."

"ಎಂಬತ್ತು ಜಾಸ್ತಿ ಅಲ್ವಾ?"

"ಮೈನಸ್ ಅಲ್ವಾ ಅಣ್ಣ, ಉಲ್ಟಾ."

ಪ್ರೇಮ್ ಬೆರಳನ್ನು ನೆಲದ ಕಡೆ ಇಳಿಸಿ ತೋರಿಸಿದ. "ಓ, ಬೋರ್‌ವೆಲ್ ಥರ. ನಲವತ್ತು ಅಡಿಗೆ ನೀರು ಸಿಕ್ರೆ ಒಳ್ಳೇದು, ಎಂಬತ್ತಕ್ಕೆ ಇಳಿದ್ರೆ ಕಷ್ಟ."

"ಹಂಗೇ ಇಟ್ಕೊಳ್ಳಿ," ಎಂದ ಫೈಸಲ್. "ಮಷೀನಿಗೆ ಮಾತ್ರ ಹೇಳ್ಬೇಡಿ."

ಪ್ರೇಮ್ ಅದನ್ನು ಮೊದಲು ಸ್ಟೀಲಿನ ಟಿಫನ್ ಡಬ್ಬಿಯಲ್ಲಿ ಕೂರಿಸಿದ. ಮುಚ್ಚಳ ಹಾಕಿದೊಡನೆ ಮುಳ್ಳು ಎಡಕ್ಕೆ ಮಲಗಿತು, ತೆಗೆದರೆ ಏಳುತ್ತಿತ್ತು. ಸ್ಟೀಲು ಸಿಗ್ನಲನ್ನು ಒಳಗೆ ಬಿಡುತ್ತಿರಲಿಲ್ಲ. ಆಮೇಲೆ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ ಆಯಿತು. ಪೂಜಿತಾ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಎಡಗಡೆಗೆ ಒಂದು ಪಟ್ಟಿ ಬಳಿದಳು. ಮುಳ್ಳು ಕೆಂಪಿಗೆ ಬಂದರೆ ಅವಳು ಕೈ ನಿಲ್ಲಿಸಬೇಕು.

ಭಾನುವಾರ ಅದನ್ನು ಹಿಡಿದು ಮನೆಯೊಳಗೆ ನಡೆದೆವು. ಡಬ್ಬಿ ಪ್ರೇಮನ ಕೈಯಲ್ಲಿ, ಕರೆಂಟಿನ ಪವರ್ ಬ್ಯಾಂಕ್ ನನ್ನ ಕೈಯಲ್ಲಿ, ನಡುವೆ ಮೊಳದುದ್ದದ ವೈರು. ಮುಂದಿನ ಕೋಣೆಯಲ್ಲಿ ಮುಳ್ಳು ಬಲಕ್ಕೆ ಒರಗಿತ್ತು. ಅಡುಗೆ ಮನೆಯ ಬಾಗಿಲಲ್ಲಿ ಸ್ವಲ್ಪ ಇಳಿಯಿತು. ಮುಂದೆ ಎರಡು ಹೆಜ್ಜೆ ಹಾಕಿದ್ದೇ ತಡ, ಪಟ್ಟನೆ ಕೆಂಪಿಗೆ ಬಿತ್ತು. ಅಲ್ಲಿ ಅಕ್ಕಪಕ್ಕ ಎರಡು ದೊಡ್ಡ ಡ್ರಮ್ಮುಗಳಿದ್ದವು, ಬಾಯಿತನಕ ನೀರು. ಡ್ರಮ್ಮಿನ ಈಚೆ ಹಿಡಿದರೆ ಮುಳ್ಳು ಏಳುತ್ತಿತ್ತು, ಆಚೆ ಹಿಡಿದರೆ ಬೀಳುತ್ತಿತ್ತು. ಪ್ರೇಮ್ ನಾಲ್ಕಾರು ಸಲ ಹಿಡಿದು ನೋಡಿದ.

"ನೀರೇ ಕುಡಿದುಬಿಡ್ತಾ ಇದೆ ಗುರು," ಎಂದ. ಅವನ ಮುಖದಲ್ಲಿ ಯಾರೋ ಹತ್ತಿರದ ನೆಂಟರು ಮೋಸ ಮಾಡಿದ ಭಾವ ಇತ್ತು.

ಡ್ರಮ್ಮುಗಳು ಪಿಳ್ಳಮ್ಮನವರವು. ಅವರು ಮಂಚದಿಂದಲೇ ವಿಚಾರಿಸಿದರು.

"ಡ್ರಮ್ ಎತ್ತಿದ್ರೆ ನೀರೆಲ್ಲಿ ಇಟ್ಕೊಳ್ಳೋದು?"

"ಹಿತ್ತಲಲ್ಲಿ ಇಡೋಣ ಕಣಮ್ಮ. ಒಂದು ಸಾಕು."

"ಬೇಸಿಗೇಲಿ ನೀರು ಬರ್ದೆ ಹೋದ್ರೆ?"

"ನೀರು ಬಿಡೋನು ನಾನೇ ಅಲ್ವೇನಮ್ಮ?"

"ಅದಕ್ಕೇ ಕಣೋ ತುಂಬಿಸಿಟ್ಟಿರೋದು."

ನಾನು ನಕ್ಕಿದ್ದಕ್ಕೆ ಅವರು ನನ್ನನ್ನೂ ಬೈದರು. ಪ್ರೇಮ್ ವಾದ ಮಾಡಲಿಲ್ಲ. ಪಕ್ಕದ ಮನೆಯ ಕೊಡಗಳನ್ನೂ ತಂದು ಡ್ರಮ್ಮಿನ ನೀರು ತೋಡತೊಡಗಿದ. ನೀರು ಅರ್ಧಕ್ಕೆ ಇಳಿದಾಗ ಮುಳ್ಳು ಅರ್ಧ ಎದ್ದಿತ್ತು. ಪಿಳ್ಳಮ್ಮ ಎದ್ದು ಬಂದು ಡಬ್ಬಿಯ ಹತ್ತಿರ ಬಗ್ಗಿ ನೋಡಿದರು. "ಅದಾಗೇ ಏಳ್ತಾ ಇದೆಯೋ, ನೀನು ಏಳಿಸ್ತಾ ಇದ್ದೀಯೋ?" ಎಂದು ಕೇಳಿ, ಮುಳ್ಳನ್ನೂ ಸೊಸೆಯ ಮುಖವನ್ನೂ ನೋಡಿ, ಒಂದು ಡ್ರಮ್ಮನ್ನು ಹಿತ್ತಲಿಗೆ, ಇನ್ನೊಂದನ್ನು ಬಚ್ಚಲಿಗೆ ಸಾಗಿಸಲು ಒಪ್ಪಿದರು. ಸಾಗಿಸಿದ ಮೇಲೆ ಎರಡನ್ನೂ ಅವರೇ ನಿಂತು ತುಂಬಿಸಿದರು.

ಅಂದಿನಿಂದ ಐಸ್‌ಕ್ರೀಮ್ ಡಬ್ಬಿ ಟ್ಯಾಬಿನ ಪಕ್ಕದಲ್ಲಿ ಕೂತಿತು. ಮುಳ್ಳು ಇಳಿದರೆ ಪೂಜಿತಾ ಕೈ ತಡೆಯುತ್ತಿದ್ದಳು, ಎದ್ದ ಮೇಲೆ ಆ ಪದವನ್ನು ಮತ್ತೆ ತೋರಿಸುತ್ತಿದ್ದಳು. ದೂರು ನಿಂತಿತು. ತಿಂಗಳ ಕೊನೆಗೆ ಧನುಶ್ರೀ ತಾವೇ ಒಂದು ಪಾಠ ಪೂರ್ತಿ ನೋಡಿ ತೀರ್ಮಾನ ಮಾಡುವುದಾಗಿ ತಿಳಿಸಿದರು.

ಅವತ್ತು ಪ್ರೇಮ್ ಕೆಲಸವನ್ನು ಜೊತೆಯವನಿಗೆ ವಹಿಸಿ ಮನೆಯಲ್ಲಿದ್ದ. ನಾನು ಪಿಳ್ಳಮ್ಮನವರ ಜೊತೆ ಮುಂದಿನ ಕೋಣೆಯಲ್ಲಿದ್ದೆ. ಟಿ.ವಿ. ಆರಿಸಿತ್ತು, ಯಾಕೆಂದು ಯಾರೂ ಕೇಳಲಿಲ್ಲ. ಪಾಠ ಸಂತೆಯ ಮೇಲೆ: ಟೊಮೆಟೊ, ಬದನೆ, ತಕ್ಕಡಿ. ಪ್ರೇಮ್ ನಡುವಿನ ಬಾಗಿಲಲ್ಲಿ ನಿಂತು ಮುಳ್ಳನ್ನು ನೋಡುತ್ತಿದ್ದ. ಮುಳ್ಳು ಬಲದ ತುದಿಯಲ್ಲಿತ್ತು. ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಆಚೆ ಧನುಶ್ರೀ.

"ಸರ್, ಪೂಜಿತಾ ಮೇಡಂ ನಿಂತುಬಿಟ್ಟಿದ್ದಾರೆ. ಕೈ ಎತ್ಕೊಂಡು ಹಾಗೇ ಇದ್ದಾರೆ."

"ಇಲ್ಲ ಮೇಡಂ, ಮುಳ್ಳು ಫುಲ್ ಇದೆ."

"ಯಾವ ಮುಳ್ಳು ಸರ್?"

ಪ್ರೇಮ್ ಮುಂದಿನ ಕೋಣೆಗೆ ಓಡಿ ಬಂದ. ಇಂಟರ್‌ನೆಟ್ಟಿನ ಡಬ್ಬಿಯಲ್ಲಿ ಕೆಂಪು ದೀಪ. ಹೊರಗೆ ಬೀದಿ ತಿರುವಿನಲ್ಲಿ ಮರಳಿನ ಲಾರಿಯೊಂದು ಕಂಬದ ಕೇಬಲನ್ನು ಎಳೆದುಕೊಂಡು ನಿಂತಿತ್ತು. ಡಬ್ಬಿಯಿಂದ ಟ್ಯಾಬಿನವರೆಗೆ ಎಲ್ಲ ಸರಿ ಇತ್ತು, ಡಬ್ಬಿಗೇ ಏನೂ ಬರುತ್ತಿರಲಿಲ್ಲ. ಬೀದಿಯಲ್ಲಿ ನಿಂತ ನೀರಿನ ಸುದ್ದಿ ಮನೆಯೊಳಗಿನ ಪೈಪಿಗೆ ತಿಳಿಯುವುದಿಲ್ಲ. ಊರಿಗೆಲ್ಲ ದಿನವೂ ಅದನ್ನೇ ಹೇಳುತ್ತಿದ್ದವನಿಗೆ ಅಂದು ಹೊಳೆದಿರಲಿಲ್ಲ. ಹಿಂದಿನ ಕೋಣೆಯಲ್ಲಿ ಪೂಜಿತಾ ಇನ್ನೂ ಬದನೆಕಾಯಿ ತೂಗುತ್ತಿದ್ದಳು.

ನಾನು ಬಾಗಿಲವರೆಗೆ ಹಿಂಬಾಲಿಸಿದೆ. ಅವನು ಒಳಗೆ ಹೋಗಿ ಅವಳ ಭುಜ ಮುಟ್ಟಿದ. ಕೇಬಲ್ ಹೋಗಿದೆ ಎಂದ. ಅವಳು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡುಬಿಟ್ಟಳು. ಅವಳು ಹಾಗೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಪ್ರೇಮ್ ತನ್ನ ಫೋನಿನ ನೆಟ್ಟನ್ನು ಟ್ಯಾಬಿಗೆ ಕೊಡಲು ನೋಡಿದ. ಆ ಕೋಣೆಯಲ್ಲಿ ಫೋನಿಗೂ ಸಿಗ್ನಲ್ ಇರಲಿಲ್ಲ. ಅಲ್ಲಿ ಇಲ್ಲಿ ಹಿಡಿದು ನೋಡಿ, ಕೊನೆಗೆ ಬೆಳಕಿಂಡಿಯ ಕೆಳಗೆ ತೋಳನ್ನು ಪೂರ್ತಿ ಮೇಲೆತ್ತಿದಾಗ ಸಿಕ್ಕಿತು. ಬೆಳಕಿಂಡಿ ಇದ್ದದ್ದು ಪೂಜಿತಾಳ ಬೆನ್ನ ಹಿಂದೆ, ತಿಳಿನೀಲಿ ಗೋಡೆಯ ಮುಂದೆ. ಬೇರೆ ದಾರಿಯಿಲ್ಲದೆ ಅವನು ಅಲ್ಲೇ ನಿಂತ.

ಮಕ್ಕಳ ಮುಖಗಳು ಮತ್ತೆ ಅಲುಗಾಡಿದವು. ಟೀಚರ ಹಿಂದೆ ಕೈ ಎತ್ತಿ ನಿಂತ ಮನುಷ್ಯನನ್ನು ಕಂಡು ನಗತೊಡಗಿದವು. ಪೂಜಿತಾ ಒಮ್ಮೆ ಹಿಂದೆ ತಿರುಗಿ ಅವನನ್ನು ನೋಡಿದಳು. ಆಮೇಲೆ ಮಕ್ಕಳಿಗೆ ಮರ ಎಂದು ತೋರಿಸಿದಳು. ಸಂತೆ ಆ ಮರದ ಕೆಳಗೆ ನಡೆಯಿತು. ಮರದ ಎಡಕ್ಕೆ ಟೊಮೆಟೊ, ಬಲಕ್ಕೆ ಬದನೆ. ಮರಕ್ಕೆ ಬೆವರು ಬರುತ್ತಿದೆ ಎಂದು ಒಂದು ಮಗು ಹೇಳಿತಂತೆ.

ಪಿಳ್ಳಮ್ಮ ಬಾಗಿಲಿಗೆ ಬಂದರು. "ಕೈ ನೋಯಲ್ವೇನೋ? ಕೋಲಿಗೆ ಕಟ್ಟೋ."

"ಸುಮ್ನಿರಮ್ಮ. ಅಲ್ಲಾಡಿದ್ರೆ ಹೋಗುತ್ತೆ."

ಪಾಠ ಮುಗಿಯುವವರೆಗೆ ಅವನು ಕೈ ಬದಲಿಸಲಿಲ್ಲ.

ಮರುದಿನ ಧನುಶ್ರೀ ಫೋನ್ ಮಾಡಿದರು. ಪ್ರೇಮ್ ಕೇಳಿಸಿಕೊಳ್ಳುತ್ತ ಪೂಜಿತಾಗೆ ಒಂದೇ ಕೈಯಲ್ಲಿ ಹೇಳುತ್ತಿದ್ದ: ಕೆಲಸ ಕಾಯಂ. ಲೈನು ಇನ್ನು ಮುಂದೆಯೂ ಹೋಗುತ್ತದೆ, ಎಲ್ಲರಿಗೂ ಹೋಗುತ್ತದೆ, ಆದ್ದರಿಂದ ಪಾಠದ ನಡುನಡುವೆ ಮಕ್ಕಳಿಂದ ಕೈ ಎತ್ತಿಸಿ ನೋಡಬೇಕು. ಆಮೇಲೆ ಅವನ ಕೈ ನಿಂತಿತು. ಇನ್ನೂ ಏನೋ ಅಂದರಲ್ಲ ಎಂದು ಪೂಜಿತಾ ಪೀಡಿಸಿದಳು. ಏನಿಲ್ಲ ಎಂದ. ಅವಳು ಬಿಡಲಿಲ್ಲ. ಸರ್ ಇನ್ನು ಮೇಲೆ ಫ್ರೇಮಿನಲ್ಲಿ ಬರಬಾರದು ಎಂದಿದ್ದರಂತೆ.

ಮಕ್ಕಳು ಕೈ ಎತ್ತುವುದು ಅಭ್ಯಾಸವಾದ ಮೇಲೆ ಪೂಜಿತಾ ಮುಳ್ಳಿನ ಡಬ್ಬಿ ತೆಗೆದುಬಿಡಲು ಹೇಳಿದಳು. ಕಣ್ಣು ಆ ಕಡೆ ಹೋಗುತ್ತದೆ, ಮಕ್ಕಳ ಮೇಲಿರಬೇಕು ಎಂದಳು. ಅವನಿಗೆ ಸ್ವಲ್ಪ ಬೇಜಾರಾಯಿತು. ಟೀ ಅಂಗಡಿಯಲ್ಲಿ, "ಮುಳ್ಳು ಸುಳ್ಳು ಹೇಳ್ಲಿಲ್ಲ ಕಣೋ. ಮನೆ ಪೈಪ್ ಕೇಳಿದ್ವಿ, ಮನೆ ಪೈಪ್ ಹೇಳ್ತು," ಎಂದ. ಡಬ್ಬಿಯನ್ನು ಫೈಸಲ್‌ಗೆ ಕೊಟ್ಟ. ಫೈಸಲ್ ಅದನ್ನು ಗಿರಾಕಿಗಳ ಮನೆಗೆ ಒಯ್ದು ಇಂಟರ್‌ನೆಟ್ಟಿನ ಡಬ್ಬಿ ಎಲ್ಲಿಡಬೇಕೆಂದು ನೋಡಲು ಬಳಸುತ್ತಾನೆ.

ಈ ಫೆಬ್ರವರಿಯಲ್ಲಿ, ಕೆಲಸಕ್ಕೆ ಹೊರಟ ಪ್ರೇಮ್ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಎಷ್ಟು ದಿನ ಬೇಕಾದರೂ ರಜೆ ತೆಗೆದುಕೊಳ್ಳಿ ಎಂದು ಧನುಶ್ರೀ ಹೇಳಿಕಳಿಸಿದರು. ಪೂಜಿತಾ ಹೆಚ್ಚು ತೆಗೆದುಕೊಳ್ಳಲಿಲ್ಲ. ಪಾಠ ಮತ್ತೆ ಶುರುವಾಗುವ ದಿನ ನನ್ನನ್ನು ಬರಹೇಳಿ ಪ್ರೇಮನ ಫೋನನ್ನು ನನ್ನ ಕೈಗೆ ಕೊಟ್ಟಳು. ಆಚೆಯಿಂದ ಕರೆ ಬಂದರೆ ಕೇಳಿಸಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕಿತ್ತು, ಮಗ ಹೋದಾಗಿನಿಂದ ಪಿಳ್ಳಮ್ಮ ಹಾಸಿಗೆ ಹಿಡಿದಿದ್ದರು. ನಾನು ನಡುವಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ.

ಟ್ಯಾಬಿನಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಬಂಗಾರಪೇಟೆ ಕಡೆಯ ಒಂದು ಹುಡುಗಿ ತೋಳನ್ನು ನೆಟ್ಟಗೆ ಮೇಲೆತ್ತಿ, ಹುಬ್ಬೇರಿಸಿ ಏನೋ ಕೇಳಿತು. ನನಗೆ ಅರ್ಥವಾಗಲಿಲ್ಲ. ಕಿವಿ ಕೇಳಿಸದವರು ತಮಗೆ ಗೊತ್ತಿರುವ ಪ್ರತಿಯೊಬ್ಬರಿಗೂ ಸನ್ನೆಯಲ್ಲೊಂದು ಹೆಸರಿಡುತ್ತಾರೆ, ಎತ್ತಿದ ತೋಳು ಆ ಮಕ್ಕಳಲ್ಲಿ ಪ್ರೇಮನ ಹೆಸರು ಎಂದು ಪೂಜಿತಾ ಆಮೇಲೆ ತಿಳಿಸಿದಳು. ಅವನು ಎಲ್ಲಿ ಎಂದು ಹುಡುಗಿ ಕೇಳಿತ್ತು.

ಪೂಜಿತಾ ಊರಿಗೆ ಹೋಗಿದ್ದಾನೆ ಎನ್ನಲಿಲ್ಲ. ಸತ್ತ ಎನ್ನುವುದಕ್ಕೆ ಆ ಭಾಷೆಯಲ್ಲಿ ಇರುವ ಪದವನ್ನೇ ತೋರಿಸಿದಳು. ದೊಡ್ಡ ಮಕ್ಕಳು ಎತ್ತಿದ್ದ ಕೈಗಳನ್ನು ಕೆಳಗಿಳಿಸಿದರು. ಇಬ್ಬರು ಚಿಕ್ಕವರಿಗೆ ಆ ಪದ ಇನ್ನೂ ಗೊತ್ತಿರಲಿಲ್ಲ, ಅಕ್ಕಪಕ್ಕ ನೋಡಿದರು. ಹೊಸ ಪದ ಬಂದಾಗ ದಿನವೂ ಮಾಡುವಂತೆ ಪೂಜಿತಾ ಅದನ್ನು ನಿಧಾನವಾಗಿ ಇನ್ನೊಮ್ಮೆ ತೋರಿಸಿದಳು. ಅವರು ಮಾಡಿದರು. ಒಬ್ಬನ ಕೈ ತಪ್ಪಿತ್ತು. ಅವನು ಸರಿಯಾಗಿ ಮಾಡುವ ತನಕ ಕಾದು, ಆಮೇಲೆ ಅಂದಿನ ಪಾಠ ತೆಗೆದುಕೊಂಡಳು. ಅಂದು ಬಟ್ಟೆಗಳ ಹೆಸರು.