ನಂಜಮ್ಮ ಕಟ್ಟಿದ ಚೌರಿ

ನಂಜಮ್ಮ ಕೂದಲನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಒಂದು ಎಳೆಯನ್ನು ಎರಡು ಕೈಗಳ ನಡುವೆ ಬಿಗಿಯಾಗಿ ಹಿಡಿದು, ಕೆಳತುಟಿಯ ಮೇಲೆ ನಿಧಾನವಾಗಿ ಎಳೆದುಕೊಳ್ಳುತ್ತಿದ್ದಳು. ಆಗ ಅವಳ ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಎಳೆ ತುಟಿ ದಾಟಿದ ಮೇಲೆ ತೀರ್ಪು ಬರುತ್ತಿತ್ತು. “ಇದು ಬಾಣಂತಿ ಕೂದ್ಲು.” ಇಲ್ಲವೆ, “ಇದು ಜ್ವರ ಬಿಟ್ಟಿದ್ದು.” ಇಲ್ಲವೆ, “ಇದಕ್ಕೇನೂ ಆಗಿಲ್ಲ ಕಣವ್ವ, ವಯಸ್ಸು.”

ಕೆಳತುಟಿ ಎಂದು ಬರೆದೆ. ನನ್ನ ತಂಗಿ ಗಿರಿಜೆಯನ್ನು ಕೇಳಿದರೆ ಕೆನ್ನೆ ಎನ್ನುತ್ತಾಳೆ. ನಾನು ರಸಾಯನಶಾಸ್ತ್ರ ಓದಿದವನು. ಇಬ್ಬರು ಸಾಕ್ಷಿಗಳು ಬೇರೆ ಬೇರೆ ಹೇಳಿದರೆ ಇಬ್ಬರನ್ನೂ ಅನುಮಾನಿಸಬೇಕೆಂದು ಕಲಿತವನು. ಆದರೂ ತುಟಿಯನ್ನೇ ಉಳಿಸಿಕೊಳ್ಳುತ್ತೇನೆ. ನಂಜಮ್ಮನ ವಿಷಯದಲ್ಲಿ ನನಗಿರುವ ಅನುಮಾನ ಇದೊಂದೇ ಆಗಿದ್ದರೆ ಚೆನ್ನಾಗಿತ್ತು.

ಅವಳು ಬಳೇಪೇಟೆಯ ಹಿಂದಿನ ಗಲ್ಲಿಯೊಂದರಲ್ಲಿದ್ದಳು. ಜಡೆಗೆ ಸೇರಿಸಿ ಹೆಣೆಯುವ ಚೌರಿ ಕಟ್ಟುವುದು ಅವಳ ಕಸುಬು. ತಿಂಗಳಿಗೊಮ್ಮೆ, ಬುಧವಾರ, ಚಾಮರಾಜಪೇಟೆಯ ನಮ್ಮ ಬೀದಿಗೆ ಬರುತ್ತಿದ್ದಳು. ಸೋಮವಾರ ಶಿವನ ದಿನ, ಮಂಗಳವಾರ ಶುಕ್ರವಾರ ಕೂದಲು ಮನೆಯಿಂದ ಹೊರಗೆ ಹೋಗಕೂಡದು ಎಂದು ಅಮ್ಮನ ಕಟ್ಟಳೆ. ಆ ಕಾಲದಲ್ಲಿ ತಲೆ ಬಾಚಿದಾಗ ಉದುರಿದ ಕೂದಲನ್ನು ಹೆಂಗಸರು ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಹಿತ್ತಿಲ ಗೋಡೆಯ ಗೂಡಿನಲ್ಲಿ ಸಿಕ್ಕಿಸಿಡುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೊಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಆರು ತಿಂಗಳ, ವರ್ಷದ ಉಂಡೆಗಳು ಸೇರಿದರೆ ನಂಜಮ್ಮ ಅವನ್ನು ಸೀಗೆಪುಡಿಯಲ್ಲಿ ತೊಳೆದು, ಬಿಡಿಸಿ, ಯಾರ ಕೂದಲೋ ಅವರಿಗೇ ಚೌರಿ ಕಟ್ಟಿಕೊಡುತ್ತಿದ್ದಳು.

ಬಿಡಿಸುವುದನ್ನು ನೋಡುವುದೇ ಒಂದು ಸೊಗಸು. ಜಗಲಿಯ ಮೇಲೆ ಕಾಲು ಚಾಚಿ ಕೂತು, ಎಡಗಾಲಿನ ಹೆಬ್ಬೆರಳಿಗೆ ದಾರ ಬಿಗಿದು, ಒಂದೊಂದೇ ಎಳೆಯ ಬುಡ ಯಾವುದು ತುದಿ ಯಾವುದು ಎಂದು ಉಗುರಿನಿಂದಲೇ ಗುರುತಿಸಿ ಜೋಡಿಸುತ್ತಿದ್ದಳು. “ಬುಡ ಬುಡದ ಕಡೆಗಿರಬೇಕು, ತುದಿ ತುದಿ ಕಡೆಗೆ. ಒಂದು ತಲೆಕೆಳಗಾದ್ರೂ ಮಿಕ್ಕಿದ್ರ ಜತೆ ಜಗಳ ತೆಗೀತದೆ, ಸೊಸೆ ಬಂದಂಗೆ,” ಎನ್ನುತ್ತಿದ್ದಳು. ಪಕ್ಕದಲ್ಲಿ ಯಾವುದಾದರೂ ಸೊಸೆ ಇದ್ದರೆ, “ಅತ್ತೆ ಬಂದಂಗೆ.”

ಬೀದಿಯವರು ಅವಳನ್ನು ಕೂದಲ ವೈದ್ಯೆ ಎಂದೇ ತಿಳಿದಿದ್ದರು. ಅವಳು ಮಾತ್ರ ಔಷಧ ಕೊಡುತ್ತಿರಲಿಲ್ಲ. ಎದುರು ಮನೆಯ ಪೆನ್ಷನ್ ರಾಯರು, ನುಣ್ಣನೆಯ ತಲೆಯವರು, ಒಮ್ಮೆ ಬೇಲಿಯ ಆಚೆಯಿಂದ ಕೇಳಿದರು.

“ಏನೇ ನಂಜಮ್ಮ, ನನಗೊಂದು ಎಣ್ಣೆ ಹೇಳ್ಬಾರ್ದಾ?”

“ನಿಮ್ಮಪ್ಪಾರಿಗೂ ಹಿಂಗೇ ಇತ್ತಾ ಸಾಮಿ?”

“ಹೂಂ, ನಮ್ಮ ತಾತಂಗೂ.”

“ಹಂಗಾದ್ರೆ ಇದು ಪಿತ್ರಾರ್ಜಿತ. ಎಣ್ಣೆ ಹಚ್ಚಿ ಜಾರಿಸಿಬಿಡೋಕಾಗಲ್ಲ. ಮಕ್ಕಳಿಗೆ ಪಾಲು ಮಾಡಿ.”

ರಾಯರು ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೆ, ಓದು ಬರಹ ಬಾರದವಳಿಗೆ ಇಷ್ಟು ಆತ್ಮವಿಶ್ವಾಸ ಎಲ್ಲಿಂದ ಬಂತು ಎಂದು ಕೆರಳುತ್ತಿದ್ದೆ. ನನಗಾಗ ಇಪ್ಪತ್ತೆರಡು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಹೊಸದಾಗಿ ಸೇರಿದ್ದೆ. ಬುಡ ತುದಿ ಹೇಗೆ ತಿಳಿಯುತ್ತೆ, ತುಟಿಗೆ ಜ್ವರ ಹೇಗೆ ಗೊತ್ತಾಗುತ್ತೆ ಎಂದು ಅಡ್ಡಪ್ರಶ್ನೆ ಹಾಕುತ್ತಿದ್ದೆ. ಅವಳು ನನಗೆ ಕಾಲೇಜಪ್ಪ ಎಂದು ಹೆಸರಿಟ್ಟಿದ್ದಳು.

ಯುದ್ಧ ಮುಗಿದ ಮಾರನೆಯ ವರ್ಷದ ಚಳಿಗಾಲದಲ್ಲಿ ಗಿರಿಜೆಗೆ ಟೈಫಾಯ್ಡ್ ಬಂತು. ಹದಿನೇಳರ ಹುಡುಗಿ, ಮೊಣಕಾಲು ಮುಟ್ಟುವ ಜಡೆ. ಇಪ್ಪತ್ತೆಂಟು ದಿನ ಜ್ವರ. ಆಗ ಅದಕ್ಕೆ ಔಷಧವಿರಲಿಲ್ಲ, ಗಂಜಿ ನೀರು ಮತ್ತು ಕಾಯುವಿಕೆ ಅಷ್ಟೆ. ಮೂರನೆಯ ವಾರ ಬಾಯಿ ಬಡಬಡಿಸತೊಡಗಿದಾಗ ಅಮ್ಮ ಮನೆದೇವರು ವೀರಭದ್ರನ ಪಟದ ಮುಂದೆ ನಿಂತು, ಮಗಳು ಉಳಿದರೆ ಅವಳ ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತಳು. ಹೊತ್ತ ಮರುಗಳಿಗೆಯಲ್ಲೇ ಅಮ್ಮನಿಗೆ ಮದುವೆಯ ವಯಸ್ಸಿನ ಹುಡುಗಿಯ ಬೋಳುತಲೆ ಕಣ್ಣಮುಂದೆ ಬಂದಿತಂತೆ. “ಮುಡಿ ಬೇಡಪ್ಪ, ಬೆಳ್ಳಿ ಕಣ್ಣು ಮಾಡಿಸಿ ಹಾಕ್ತೀನಿ,” ಎಂದು ಬದಲಾಯಿಸಿದಳು. ಗಿರಿಜೆ ಉಳಿದಳು. ಬೆಳ್ಳಿ ಕಣ್ಣು ದೇವರಿಗೆ ಹೋಯಿತು. ಮೂರನೆಯ ತಿಂಗಳು ಅವಳ ಕೂದಲು ಉದುರಲು ಶುರುವಾಯಿತು.

“ಅವನೇ ತಗೋತಿದಾನೆ,” ಎಂದಳು ಅಮ್ಮ. “ಕೊಡ್ತೀನಿ ಅಂದು ಆಸೆಪಟ್ಟು ಹಿಂದಕ್ಕೆ ಇಟ್ಕೊಂಡೆನಲ್ಲ.”

ನಂಜಮ್ಮ ಒಂದು ಎಳೆ ತೆಗೆದು ತುಟಿಯ ಮೇಲೆ ಎಳೆದುಕೊಂಡಳು. “ಯಾರೂ ತಗೋತಿಲ್ಲ ಕಣವ್ವ. ಇದು ಜ್ವರದ್ದು. ಬುಡ ನೋಡಿ, ನುಚ್ಚಕ್ಕಿ ಅಂಟಿಸಿದಂಗೆ ಬೆಳ್ಳಗಿದೆ. ಮೂರು ತಿಂಗಳು ಉದುರ್ತದೆ, ನಿಲ್ತದೆ, ಬರ್ತದೆ. ಏನೂ ಮಾಡಬೇಡಿ.”

ಏನೂ ಮಾಡದಿರುವುದು ನನ್ನಂಥವನಿಗೆ ಆಗುವ ಕೆಲಸವಲ್ಲ. ದೇವರನ್ನು ನಂಬುವ ತಾಯಿ, ತುಟಿಯನ್ನು ನಂಬುವ ಮುದುಕಿ, ಇವರಿಬ್ಬರ ನಡುವೆ ವಿಜ್ಞಾನದ ಪರವಾಗಿ ನಾನೊಬ್ಬನೇ ನಿಂತಿದ್ದೇನೆ ಎಂಬ ಭಾವನೆ. ಔಷಧದಂಗಡಿಯ ಸ್ನೇಹಿತನೊಬ್ಬ, ಎ ಜೀವಸತ್ವ ಚರ್ಮಕ್ಕೂ ಕೂದಲಿಗೂ ಒಳ್ಳೆಯದು ಎಂದು ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ ತೆಗೆದ ಎಣ್ಣೆಯ ಗುಳಿಗೆಗಳನ್ನು ಕೊಟ್ಟ. ಜೇನಿನ ಬಣ್ಣದ, ಮುತ್ತಿನಂಥ ಗುಳಿಗೆಗಳು. ಮಾಮೂಲು ಎಣ್ಣೆಗಿಂತ ಎಷ್ಟೋ ಪಾಲು ಗಟ್ಟಿ, ದಿನಕ್ಕೊಂದು ಸಾಕು.

ನಮ್ಮದು ಲಿಂಗ ಕಟ್ಟಿದ ಮನೆ. ಮೀನು ಎಂಬ ಮಾತನ್ನು ಅಡುಗೆಮನೆಯಲ್ಲಿ ಆಡುವಂತಿರಲಿಲ್ಲ. ನಾನು ಸೀಸೆಯ ಚೀಟಿಯನ್ನು ನೆನೆಸಿ ಕೆರೆದು, “ಇದು ಶಕ್ತಿಗೆ, ಸೊಪ್ಪಿನಿಂದ ಮಾಡಿದ್ದು,” ಎಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಅದನ್ನು ದೇವರ ಮನೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿಟ್ಟಳು. ನಾನೇ ದಿನವೂ ತೆಗೆದುಕೊಡುತ್ತಿದ್ದೆ. ಕೂದಲು ನಿಲ್ಲಲಿಲ್ಲ. ಎರಡು ಮಾಡಿದೆ. ನಿಲ್ಲಲಿಲ್ಲ. ನಾಲ್ಕು ಮಾಡಿದೆ. ಆಮೇಲೆ ಆರು.

ಗಿರಿಜೆಯ ತುಟಿ ಒಡೆಯಿತು. ಅಂಗೈ ಸಿಪ್ಪೆ ಏಳತೊಡಗಿತು. ತಲೆನೋವು, ಮೊಣಕಾಲ ಕೆಳಗಿನ ಮೂಳೆಯಲ್ಲಿ ನೋವು. ಡಾಕ್ಟರು ಬಂದು, “ಬೇರೆ ಏನಾದ್ರೂ ಔಷಧಿ ಕೊಡ್ತಿದೀರಾ?” ಎಂದು ಕೇಳಿದಾಗ ಅಮ್ಮ, “ಇಲ್ಲ ಸ್ವಾಮಿ, ಬರೀ ಸೊಪ್ಪಿನ ಗುಳಿಗೆ,” ಎಂದಳು. ಅಮ್ಮ ನನ್ನ ಸುಳ್ಳನ್ನು ಸತ್ಯವೆಂದು ಹೇಳುತ್ತಿದ್ದಳು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಡಾಕ್ಟರು ನಿಶ್ಶಕ್ತಿ ಎಂದು ಬರೆದುಕೊಟ್ಟು ಹೋದರು.

ಶ್ರಾವಣದ ಒಂದು ಬುಧವಾರ ನಂಜಮ್ಮ ಬಂದಳು. ಡಬ್ಬಿ ತುಂಬಿ ಮುಚ್ಚಳ ಕೂರುತ್ತಿರಲಿಲ್ಲ. ಒಂದು ಎಳೆ ತೆಗೆದು ತುಟಿಗೆ ಹಿಡಿದಳು. ಇನ್ನೊಂದು. ಮತ್ತೊಂದು. ಅಷ್ಟು ಹೊತ್ತು ತೆಗೆದುಕೊಂಡಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಆಮೇಲೆ ಗಿರಿಜೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹುಬ್ಬು ಸವರಿದಳು.

“ಇದು ಜ್ವರದ್ದಲ್ಲ,” ಎಂದಳು. “ಮಗೀಗೆ ಏನು ಕೊಡ್ತಿದೀರಿ?”

ಅಮ್ಮ ನನ್ನ ಕಡೆ ನೋಡಿದಳು. ನಾನು ಹೇಳಬಹುದಿತ್ತು. ಮೀನು ಎಂಬ ಎರಡಕ್ಷರ. ನಾನು ಹೇಳಿದ್ದು, “ಏನೂ ಇಲ್ಲ.”

ಅವಳು ಹೊರಟಾಗ ಗೇಟಿನವರೆಗೆ ಹೋದೆ, ಏಕೆ ಹೋದೆನೋ. ಬೀದಿಯ ಕಡೆ ಮುಖಮಾಡಿಕೊಂಡೇ ಮೆಲ್ಲಗೆ ಮಾತಾಡಿದಳು.

“ಕಾಲೇಜಪ್ಪ, ನಾನು ಮೀನು ತಿನ್ನೋಳು. ಮಗು ತೇಗಿದ್ರೆ ಮೀನು ನಾತ ಬಂತು. ನಿಮ್ಮಮ್ಮಾರು ಆ ವಾಸ್ನೆ ಕಂಡೋರಲ್ಲ, ಔಷಧಿ ವಾಸ್ನೆ ಅಂದ್ಕೊಂಡವ್ರೆ.”

“ಅದು ಕೂದಲಿಗೆ ಒಳ್ಳೇದು. ನಿನಗೆ ತಿಳಿಯಲ್ಲ.”

“ತಿಳಿಯಲ್ಲ. ಆದ್ರೆ ಜ್ವರ ಹುಬ್ಬು ತಿನ್ನಲ್ಲ ಸಾಮಿ. ಹೊಟ್ಟೇಗೆ ಹೋಗೋದು ಏನೋ ತಿಂತಾ ಐತೆ. ನಿಲ್ಸಿ. ನಿಲ್ಸಿ, ತಾಯಿಗೆ ಹೇಳಿಬಿಡಿ. ದೇವರು ತಗೊಂಡ ಅಂತ ಆಯಮ್ಮ ಸವೀತಾವ್ಳೆ. ನಾನು ಹೇಳಲ್ಲ. ಇದು ನಾನು ಹೇಳೋ ಮಾತಲ್ಲ.”

ನನ್ನ ನೆನಪಿನ ಪ್ರಕಾರ ಅಂದೇ ಗುಳಿಗೆ ನಿಲ್ಲಿಸಿದೆ. ಸೀಸೆಯನ್ನು ಹಿತ್ತಿಲ ಚರಂಡಿಗೆ ಸುರಿದದ್ದು, ಅವು ನೀರಿನಲ್ಲಿ ತೇಲಿದ್ದು, ಎಲ್ಲ ಸ್ಪಷ್ಟವಾಗಿದೆ. ಸ್ಪಷ್ಟವಾಗಿರುವುದರಿಂದಲೇ ಈಗ ನಂಬಿಕೆ ಬರುವುದಿಲ್ಲ.

ಕೂದಲು ಬಂತು. ಸಂಕ್ರಾಂತಿಯ ಹೊತ್ತಿಗೆ ಗರಿಕೆಯ ಹಾಗೆ ಕಾಣಿಸಿಕೊಂಡಿತು, ಎರಡು ವರ್ಷದಲ್ಲಿ ಭುಜ ದಾಟಿತು. ಮೊದಲಿನಷ್ಟು ದಟ್ಟವಾಗಲಿಲ್ಲ. ಅಷ್ಟರೊಳಗೆ ನಂಜಮ್ಮ ಡಬ್ಬಿಯ ಕೂದಲನ್ನೆಲ್ಲ ಬಿಡಿಸಿ ಒಂದು ಚೌರಿ ಕಟ್ಟಿದ್ದಳು. ಮೊಳಕ್ಕಿಂತ ಉದ್ದ, ಮೇಲೆ ಕೆಂಪು ದಾರದ ಗಂಟು. ಹೆಣ್ಣು ನೋಡಲು ಬಂದ ದಿನ ತಾನೇ ಕೂತು ಗಿರಿಜೆಯ ಜಡೆಗೆ ಸೇರಿಸಿದಳು. ನಾನು ಇದು ಮೋಸವಲ್ಲವೇ ಎಂದೆ. “ಮೋಸ ಹೆಂಗಾಯ್ತದೆ? ಅವಳ ಕೂದ್ಲೇ ಅವಳ ತಲೆಗೆ ವಾಪಸ್ಸು ಬಂದೈತೆ,” ಎಂದಳು. ಮೋಸ ಎಂಬ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಅವಳು ಒಮ್ಮೆ ಕತ್ತೆತ್ತಿ ನೋಡಿದಳು, ಅಷ್ಟೆ.

ಮದುವೆಯಾಯಿತು. ಆದರೆ ಅಮ್ಮ ಆ ಶ್ರಾವಣದಲ್ಲಿ ಹೂ ಮುಡಿಯುವುದನ್ನು ಬಿಟ್ಟವಳು ಮತ್ತೆ ಮುಡಿಯಲಿಲ್ಲ. ಅಪ್ಪ ಕಾಟನ್‌ಪೇಟೆಯ ಅಂಗಡಿಯಿಂದ ಬರುವಾಗ ಮಲ್ಲಿಗೆ ತಂದರೆ ಅದು ದೇವರಿಗೆ ಹೋಗುತ್ತಿತ್ತು. ಮುತ್ತೈದೆ ಬೋಳು ಮುಡಿಯಲ್ಲಿ ಓಡಾಡುವುದನ್ನು ಕಂಡು ಬೀದಿಯವರು ಪಿಸುಗುಟ್ಟಿದರು. “ಅವನ ಪಾಲು ಹಿಂದಕ್ಕೆ ಇಟ್ಕೊಂಡ ತಲೆ ಇದು,” ಎನ್ನುತ್ತಿದ್ದಳು ಅಮ್ಮ. ಒಂಬತ್ತು ವರ್ಷ ಆ ತಲೆಯನ್ನು ದಿನವೂ ನೋಡಿದೆ. ಒಂದು ವಾಕ್ಯ ಹೇಳಿದ್ದರೆ ಹೂ ಮರಳುತ್ತಿತ್ತು. ಅದೇ ವಾಕ್ಯ, ಪೂಜೆಯ ಗೂಡಿನಲ್ಲಿ ಆರು ತಿಂಗಳು ಏನಿತ್ತು ಎಂಬುದನ್ನೂ ಹೇಳುತ್ತಿತ್ತು. ಯಾವುದು ಅಮ್ಮನಿಗೆ ಹೆಚ್ಚು ಭಾರ ಎಂದು ತೂಗುತ್ತಲೇ ಉಳಿದೆ. ನಡುವೆ ಒಮ್ಮೆ ವೈದ್ಯನಾಗಿದ್ದ ಹಳೆಯ ಸಹಪಾಠಿಯೊಬ್ಬ ಬಸ್ ನಿಲ್ದಾಣದಲ್ಲಿ ಸಿಕ್ಕು, ಎ ಜೀವಸತ್ವ ಮಿತಿಮೀರಿದರೆ ಕೂದಲು ಹುಬ್ಬು ಉದುರುತ್ತವೆ, ತುಟಿ ಒಡೆಯುತ್ತದೆ ಎಂದು ಈಗೀಗ ತಿಳಿಯುತ್ತಿದೆ ಎಂದ. ತುಟಿಗೆ ಎಷ್ಟೋ ವರ್ಷ ಮೊದಲೇ ತಿಳಿದಿತ್ತು.

ಅಮ್ಮ ತೀರಿಕೊಂಡಳು. ಶಿವಗಣಾರಾಧನೆ ಮುಗಿದ ಮಧ್ಯಾಹ್ನ ಗಿರಿಜೆಗೆ ಎಲ್ಲ ಹೇಳಿದೆ. ಅವಳು ಅಮ್ಮನ ಸೀರೆಗಳನ್ನು ಮಡಿಸುತ್ತಿದ್ದಳು.

“ಮೀನೆಣ್ಣೆ ಅಂತ ನಂಗೆ ಆಗ್ಲೇ ಗೊತ್ತಿತ್ತಣ್ಣ. ಎದುರು ಬೀದಿ ಮೇರಿ ಟಿಫಿನ್ ಬಾಕ್ಸ್ ವಾಸ್ನೆ ಸ್ಕೂಲಲ್ಲೇ ಕಂಡಿದ್ದೆ.”

“ಮತ್ತೆ ಯಾಕೆ ನುಂಗಿದೆ?”

“ನೀನು ಅಷ್ಟು ಧೈರ್ಯವಾಗಿ ಕೊಡ್ತಿದ್ದೆ.”

“ನಂಜಮ್ಮ ಹೇಳಿದ ದಿನವೇ ನಿಲ್ಲಿಸಿದೆನಲ್ಲ.”

ಅವಳು ಸೀರೆಯ ಮಡಿಕೆ ಸರಿಮಾಡಿದಳು. “ಇಲ್ಲ. ದೀಪಾವಳಿವರೆಗೂ ಕೊಟ್ಟೆ. ನೀರು ತುಂಬೋ ಹಬ್ಬದ ದಿನ ಸೀಸೆ ಖಾಲಿ ಆಯ್ತು. ನೀನು ಮತ್ತೆ ತರಲಿಲ್ಲ, ಅಷ್ಟೆ.”

ಚರಂಡಿಯಲ್ಲಿ ತೇಲಿದ ಗುಳಿಗೆಗಳನ್ನು ಹೇಳಿದೆ. ಅವಳು ಅದನ್ನು ಕಂಡಿರಲಿಲ್ಲ. ಲೆಕ್ಕ ಹಾಕಿ ನೋಡಿದೆ: ಶ್ರಾವಣದಲ್ಲಿ ನಿಂತಿದ್ದರೆ ಕೂದಲು ಸಂಕ್ರಾಂತಿಗಿಂತ ಮುಂಚೆಯೇ ಚಿಗುರಬೇಕಿತ್ತು. ಲೆಕ್ಕ ಅವಳ ಕಡೆಗೆ ವಾಲುತ್ತದೆ. ಖಚಿತವಾಗಿ ಹೇಳಬಲ್ಲವಳು ಇನ್ನೊಬ್ಬಳಿದ್ದಳು. ಆ ಶ್ರಾವಣದಿಂದ ದೀಪಾವಳಿಯವರೆಗೆ ತಿಂಗಳು ತಿಂಗಳೂ ಆ ಕೂದಲನ್ನು ತುಟಿಯ ಮೇಲೆ ಎಳೆದವಳು.

ಗಿರಿಜೆ ಬಿಟ್ಟುಹೋದ ಚೌರಿಯನ್ನು ಕಾಗದದಲ್ಲಿ ಸುತ್ತಿಕೊಂಡು ಬಳೇಪೇಟೆಗೆ ಹೋದೆ. ನಂಜಮ್ಮ ನಮ್ಮ ಬೀದಿಗೆ ಬರುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬಳೆ ಅಂಗಡಿಗಳ ನಡುವಿನ ಸಂದಿ, ಕೈಗಾಡಿಗಳಿಗೆ ದಾರಿ ಬಿಟ್ಟು ಬಿಟ್ಟು ನಡೆಯಬೇಕು. ಅವಳು ಹೊಸ್ತಿಲಲ್ಲಿ ಕೂತಿದ್ದಳು. ಎರಡು ಕಣ್ಣಿಗೂ ಪೊರೆ.

“ನಂಜಮ್ಮ, ನಾನು. ಕಾಲೇಜಪ್ಪ.”

“ಯಾವ ಅಪ್ಪ?”

“ಚಾಮರಾಜಪೇಟೆ. ಬುಧವಾರ ಬರ್ತಿದ್ದೆಯಲ್ಲ.”

“ಬುಧವಾರ ಎಲ್ಲೆಲ್ಲೋ ಹೋಗ್ತಿದ್ದೆ ಸಾಮಿ,” ಎಂದು ನಕ್ಕಳು. ಹಲ್ಲಿರಲಿಲ್ಲ. ನನ್ನ ಹೆಸರು, ಅಪ್ಪನ ಹೆಸರು, ಅಂಗಡಿ, ಯಾವುದೂ ಅವಳಲ್ಲಿ ಎಲ್ಲಿಗೂ ಮುಟ್ಟಲಿಲ್ಲ. ಕೊನೆಗೆ ಚೌರಿಯನ್ನು ಅವಳ ಮಡಿಲಿಗೆ ಹಾಕಿದೆ.

ಗಂಟು ಮುಟ್ಟಿದ ಕೂಡಲೇ, “ಇದು ನನ್ ಕೈದು,” ಎಂದಳು. ಒಂದು ಎಳೆ ಜಗ್ಗಿ ತೆಗೆದು ಕೆಳತುಟಿಯ ಮೇಲೆ ಎಳೆದುಕೊಂಡಳು. ಅದು ತುಟಿಯೇ, ಅಂದು ನಾನು ಅದಕ್ಕಾಗಿಯೇ ನೋಡಿದೆ. ಇನ್ನೊಂದು ಎಳೆ ತೆಗೆದಳು.

“ಹೆಣ್ಮಗು. ಮೊದ್ಲು ಜ್ವರ. ಆಮೇಲೆ ಯಾವ್ದೋ ಔಷಧಿ ಕೊಟ್ಟವ್ರೆ, ತುಂಬ ದಿನ ಕೊಟ್ಟವ್ರೆ.” ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. “ಪಾಪ, ಯಾರೋ ಪ್ರೀತಿ ಇರೋರೇ ಕೊಟ್ಟಿರ್ತಾರೆ. ಬೇರೇರು ಇಷ್ಟು ದಿನ ನೆನಪಿಟ್ಕೊಂಡು ಕೊಡಲ್ಲ. ಯಾರ ಮನೇದು ಸಾಮಿ ಇದು?”

ತುಂಬ ದಿನ ಎಂದರೆ ಎಷ್ಟು ದಿನ ಎಂದು ಕೇಳಲು ಬಂದಿದ್ದೆ. ಅದರ ಬದಲು ಅವಳೇ ಕೇಳಿದ್ದಳು, ಜಗಲಿಯ ಮೇಲೆ ಕೇಳಿದ ಹಾಗೆಯೇ, ನೇರವಾಗಿ. ಈಗ ಅಮ್ಮನಿರಲಿಲ್ಲ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ನನ್ನನ್ನು ಗುರುತಿಸಲಾರದ ಎರಡು ಬಿಳಿಯ ಕಣ್ಣುಗಳು ಮಾತ್ರ.

“ಗೊತ್ತಿಲ್ಲಮ್ಮ,” ಎಂದೆ. “ಎಲ್ಲೋ ಸಿಕ್ಕಿತು.”

ನಂಜಮ್ಮ ಚೌರಿಯನ್ನು ಮೊಣಕಾಲ ಮೇಲೆ ಹಾಸಿ, ಬುಡದಿಂದ ತುದಿಗೆ ಒಮ್ಮೆ ಅಂಗೈಯಿಂದ ಸವರಿ, ಸುರುಳಿ ಸುತ್ತಿ ನನ್ನ ಕೈಗೆ ವಾಪಸ್ಸು ಕೊಟ್ಟಳು.

“ಹಂಗಾದ್ರೆ ಎಸೀಬೇಡಿ ಸಾಮಿ. ಇಟ್ಕೊಂಡಿರಿ. ಮನೇರು ಯಾರಾದ್ರೂ ಕೇಳ್ಕೊಂಡು ಬಂದಾರು.”